ಮ್ಯೂಟ್ ಆಯಿತೆಂದು ಮೈಕೇ ಹೇಳಬೇಕು

ಹದಿನಾಲ್ಕು ಕುರ್ಚಿಯ ಮೀಟಿಂಗ್ ರೂಮು. ಚಾವಣಿಯಲ್ಲಿ ಶೂರ್ ಎಂಎಕ್ಸ್‌ಎ910 ಮೈಕು, ಮೇಜಿನ ಮೇಲೆ ಟಚ್ ಪ್ಯಾನೆಲ್. ಮ್ಯೂಟ್ ಗುಂಡಿ ಒತ್ತಿದರೆ ಪ್ಯಾನೆಲ್ಲಿನಲ್ಲಿ ಕೆಂಪು ಬರುತ್ತಿತ್ತು, ಆದರೆ ಕರೆಯ ಆಚೆ ಕಡೆಯವರಿಗೆ ಇಲ್ಲಿನ ಮಾತೆಲ್ಲ ಕೇಳುತ್ತಲೇ ಇತ್ತು. ಮೈಕು ಕೆಟ್ಟರೆ ಕೂಡಲೇ ಗೊತ್ತಾಗುತ್ತದೆ. ಮ್ಯೂಟ್ ಕೆಟ್ಟರೆ ಗೊತ್ತಾಗುವಷ್ಟರಲ್ಲಿ ಗುಟ್ಟಿನ ಮಾತು ಹೊರಗೆ ಹೋಗಿರುತ್ತದೆ.

ಬೆಳಿಗ್ಗೆ ಪ್ಯಾನೆಲ್ ಬಿಟ್ಟು, ಲ್ಯಾಪ್‌ಟಾಪಿನಿಂದ ನೇರವಾಗಿ ಮೈಕಿನ ಜೊತೆ ಮಾತಾಡುವುದೆಂದು ಆಯಿತು. ಆಜ್ಞೆ ಟೈಪಿಸಿ ಕಳಿಸುವ ಪುಟ್ಟಿ ತಂತ್ರಾಂಶ ರಾ ಮೋಡಿನಲ್ಲಿ (ಟೈಪಿಸಿದ್ದು ಹಾಗೆಯೇ ಹೋಗುವ ಬಗೆ), ಮೈಕಿನ ಐಪಿ ವಿಳಾಸ, ಆಜ್ಞೆ ಒಳಹೋಗುವ ಬಾಗಿಲಾದ ಟಿಸಿಪಿ ಪೋರ್ಟ್ 2202. ಪಿಂಗ್‌ಗೆ (ಸಾಧನ ಇದೆಯೇ ಎಂದು ಕೇಳುವ ಕರೆ) ಉತ್ತರವಿತ್ತು, ಸಂಪರ್ಕ ಇರಲಿಲ್ಲ. ಫೈರ್‌ವಾಲಿನಲ್ಲಿ ಆ ಪೋರ್ಟ್ ಮುಚ್ಚಿತ್ತು. ಅದು ತೆರೆದ ಮೇಲೆ ಕಳಿಸಿದ ಮೊದಲ ಆಜ್ಞೆ 'ಸೆಟ್ ಫ್ಲ್ಯಾಶ್ ಆನ್'. ಮೈಕಿನ ದೀಪ ಮಿನುಗಿ, 30 ಸೆಕೆಂಡಿನಲ್ಲಿ ತಾನೇ ನಿಲ್ಲುತ್ತದೆ. ಒಂದೇ ಮಹಡಿಯಲ್ಲಿ ನಾಲ್ಕಾರು ರೂಮುಗಳಿದ್ದರೆ ಈ ಹೆಜ್ಜೆ ಬಿಡಬಾರದು, ಪಕ್ಕದ ರೂಮಿನ ಸಭೆ ಮೂಕವಾದೀತು.

ಭಾಷೆ ಸರಳ. ಪ್ರತಿ ಆಜ್ಞೆಯೂ ಕೋನದ ಆವರಣದಲ್ಲಿ (< >) ಇರುತ್ತದೆ. ಕೇಳಲು ಗೆಟ್, ಬದಲಿಸಲು ಸೆಟ್. ಮೈಕಿನ ಉತ್ತರ 'ರೆಪ್' ಎಂದು ಶುರುವಾಗುತ್ತದೆ. 'ಸೆಟ್ ಡಿವೈಸ್ ಆಡಿಯೊ ಮ್ಯೂಟ್ ಆನ್' ಎಂಬಲ್ಲಿ ಡಿವೈಸ್, ಆಡಿಯೊ, ಮ್ಯೂಟ್ ಮೂರನ್ನೂ ಅಡಿಗೆರೆಯಿಂದ (_) ಬೆಸೆಯಬೇಕು. ಪ್ಯಾನೆಲ್ಲಿನ ಪ್ರೋಗ್ರಾಮಿನಲ್ಲಿ ಒಂದು ಅಡಿಗೆರೆ ಬಿಟ್ಟುಹೋಗಿತ್ತು. ಮೈಕು ಪ್ರತಿ ಸಲವೂ 'ರೆಪ್ ಎರ್' ಎಂದು ದೋಷ ತಿಳಿಸುತ್ತಿತ್ತು. ಪ್ರೋಗ್ರಾಮು ಆ ಉತ್ತರವನ್ನು ಓದುತ್ತಲೇ ಇರಲಿಲ್ಲ, ಗುಂಡಿ ಒತ್ತಿದ ಕೂಡಲೇ ಕೆಂಪು ಬಳಿಯುತ್ತಿತ್ತು.

ಅಡಿಗೆರೆ ಸೇರಿಸಿದ್ದು ಎರಡು ನಿಮಿಷದ ಕೆಲಸ. ನಿಜವಾದ ರಿಪೇರಿ ಬೇರೆ: ಪ್ಯಾನೆಲ್ಲಿನ ಬಣ್ಣ ಗುಂಡಿಯಿಂದಲ್ಲ, ಮೈಕಿನ ರೆಪ್‌ನಿಂದ ಬದಲಾಗಬೇಕು. ಇದ್ದ ಸ್ಥಿತಿಯನ್ನು ತಿರುಗುಮುರುಗು ಮಾಡುವ ಟಾಗಲ್ ಆಜ್ಞೆಯನ್ನು ಕಿತ್ತು, ಸ್ಪಷ್ಟವಾಗಿ ಆನ್ ಅಥವಾ ಆಫ್ ಕಳಿಸುವಂತೆ ಮಾಡಲಾಯಿತು. ಪ್ಯಾನೆಲ್ಲೂ ಮೈಕೂ ಒಮ್ಮೆ ತಾಳ ತಪ್ಪಿದರೆ ಟಾಗಲ್ ಅದನ್ನು ಸರಿಪಡಿಸುವುದೇ ಇಲ್ಲ. ಸಂಪರ್ಕ ಕಡಿದು ಮತ್ತೆ ಕೂಡಿದಾಗ 'ಗೆಟ್ 0 ಆಲ್' ಕಳಿಸಿ ಸ್ಥಿತಿಯನ್ನೆಲ್ಲ ಹೊಸದಾಗಿ ಓದಬೇಕು. ಇನ್ನೊಂದು ಮಾತು: ಟಿಸಿಪಿಯಲ್ಲಿ ಎರಡು ಉತ್ತರ ಒಟ್ಟಿಗೆ ಬರಬಹುದು, ಒಂದೇ ಉತ್ತರ ತುಂಡಾಗಿಯೂ ಬರಬಹುದು. ಮುಚ್ಚುವ ಆವರಣ ಸಿಗುವವರೆಗೆ ಕೂಡಿಟ್ಟುಕೊಂಡೇ ಓದಬೇಕು.

ಗೇನ್, ಅಂದರೆ ದನಿಯ ಮಟ್ಟದ ಅಂಕಿಯಲ್ಲೂ ಎಡವುವವರು ಬಹಳ. 0000ದಿಂದ 1400ರವರೆಗಿನ ಈ ಅಂಕಿಯಲ್ಲಿ ಒಂದೊಂದು ಹೆಜ್ಜೆಯೂ 0.1 ಡೆಸಿಬೆಲ್. ಸೊನ್ನೆ ಡೆಸಿಬೆಲ್‌ಗೆ 1100 ಎಂದು ಬರೆಯಬೇಕು. 0000 ಎಂದು ಬರೆದರೆ ಮೈನಸ್ 110, ಅಂದರೆ ನಿಶ್ಶಬ್ದ.

ಮಧ್ಯಾಹ್ನ ಮ್ಯೂಟ್ ಸರಿಯಾಯಿತು, ಹೊಸ ದೂರು ಬಂತು: ಅನ್‌ಮ್ಯೂಟ್ ಮಾಡಿದ ಮೊದಲ ಕೆಲವು ಕ್ಷಣ ಆಚೆಯವರಿಗೆ ತಮ್ಮದೇ ಮಾತಿನ ಪ್ರತಿಧ್ವನಿ. ಕಾರಣ ಮ್ಯೂಟ್ ಮಾಡಿದ ಜಾಗ. ಪ್ರತಿಧ್ವನಿ ಅಳಿಸುವ ಲೆಕ್ಕ ನಡೆಯುವುದು ಮೈಕಿನ ದನಿ ಹೋಗಿ ಸೇರುವ ಪಿ300 ಎಂಬ ಧ್ವನಿ ಪ್ರೊಸೆಸರಿನಲ್ಲಿ. ಮೈಕಿನಲ್ಲೇ ದನಿ ಕಡಿದರೆ ಆ ಲೆಕ್ಕಕ್ಕೆ ಕೋಣೆಯ ಸದ್ದೇ ಸಿಗುವುದಿಲ್ಲ, ತೆರೆದಾಗ ಮತ್ತೆ ಕಲಿಯಬೇಕು. ಹಾಗಾಗಿ ಮ್ಯೂಟನ್ನು ಆ ಲೆಕ್ಕ ಮುಗಿದ ಮೇಲೆ ಬೆರೆತ ದನಿ ಹೊರಬೀಳುವ ಜಾಗಕ್ಕೆ, ಅಂದರೆ ಪ್ರೊಸೆಸರಿನ ಆಟೊಮಿಕ್ಸ್ ಔಟ್‌ಪುಟ್‌ಗೆ ಸಾಗಿಸಲಾಯಿತು. ಆಗ ಚಾವಣಿಯ ದೀಪಕ್ಕೆ ಬೇರೆ ಆಜ್ಞೆ ಬೇಕು, ಅದಕ್ಕೊಂದು ಕ್ರಮವೂ ಬೇಕು: ಮುಚ್ಚುವಾಗ ಮೊದಲು ದನಿ, ರೆಪ್ ಬಂದ ಮೇಲೆ ಕೆಂಪು ದೀಪ, ತೆರೆಯುವಾಗ ಮೊದಲು ಹಸಿರು, ಆಮೇಲೆ ದನಿ.

ಸಂಜೆ ಒಬ್ಬರು ಫೋನಿನಲ್ಲಿ ಆಚೆ ಕಡೆ ಕಿವಿಗೊಟ್ಟರು, ಇನ್ನೊಬ್ಬರು ಮೈಕಿನ ಎಂಟು ಲೋಬುಗಳ (ಮೈಕು ದನಿ ಹಿಡಿಯುವ ದಿಕ್ಕುಗಳ) ಕೆಳಗೂ ನಿಂತು ಗಟ್ಟಿಯಾಗಿ ಅಂಕಿ ಎಣಿಸಿದರು. ನೆಟ್‌ವರ್ಕ್ ಕೇಬಲ್ ಕಿತ್ತು ಮತ್ತೆ ಹಾಕಿದಾಗ ಪ್ಯಾನೆಲ್ ಕೆಲಹೊತ್ತು ಬೂದು ಬಣ್ಣದಲ್ಲಿ ನಿಂತಿತ್ತು. ರೆಪ್ ಬಂದ ಮೇಲೆಯೇ ಕೆಂಪಾಯಿತು.