ಇಸೆಯ ದೇವಿಗೆ ಎರಡು ಹೊತ್ತಿನ ಊಟ

ಜಪಾನಿನ ಇಸೆಗೆ ಹೋಗುವ ಭಕ್ತರು ಸೂರ್ಯದೇವತೆ ಅಮತೆರಾಸುವಿನ ಗುಡಿಗೆ ನೇರವಾಗಿ ಹೋಗುವುದಿಲ್ಲ. ಮೊದಲು ಗೆಕೂ, ಅಂದರೆ ಹೊರಗಿನ ಗುಡಿ. ಅಲ್ಲಿರುವುದು ಅಮತೆರಾಸುವಿಗೆ ಊಟ ಒದಗಿಸುವ ತೊಯೊಉಕೆ. ಆಮೇಲೆ ಒಳಗಿನ ಗುಡಿ ನೈಕೂ. ಬಡಿಸುವವಳಿಗೆ ಮೊದಲು ಕೈಮುಗಿಯುವ ಈ ಕ್ರಮ ನನಗೆ ತುಂಬ ಹಿಡಿಸಿತು.

ಗೆಕೂದಲ್ಲಿ ಬೆಳಗ್ಗೆ ಮತ್ತು ಸಂಜೆ, ದಿನಾ ಎರಡು ಹೊತ್ತು ನೈವೇದ್ಯ. ಒಲೆಗೆ ಮರಕ್ಕೆ ಮರ ಉಜ್ಜಿ ತೆಗೆದ ಬೆಂಕಿಯೇ ಆಗಬೇಕು. ಅಕ್ಕಿ ದೇವಸ್ಥಾನದ ಗದ್ದೆಯದು, ಉಪ್ಪೂ ಅವರೇ ಮಾಡಿದ್ದು, ನೀರು ದೇವರ ಬಾವಿಯದು. ಜೊತೆಗೆ ತರಕಾರಿ, ಹಣ್ಣು, ಮೀನು, ಸಾಕೆ ಎಂಬ ಅಕ್ಕಿಯ ಮದ್ಯ. ಮೀನು ಅಂದ ಕೂಡಲೇ ನಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಕಡಲ ಸೀಮೆಯ ದೇವಿ ಆ ಸೀಮೆಯ ಊಟವನ್ನೇ ಉಣ್ಣುತ್ತಾಳೆ, ಅಲ್ವಾ? ಸುಮಾರು 1500 ವರ್ಷಗಳಿಂದ ಈ ಸೇವೆ ನಡೆದುಬಂದಿದೆ ಎನ್ನುತ್ತಾರೆ.

ನೈಕೂಗೆ ಉಜಿ ಸೇತುವೆ ದಾಟಿ, ಇಸುಜು ನದಿಯಲ್ಲಿ ಕೈ ತೊಳೆದು ಹೋಗಬೇಕು. ಮೆಟ್ಟಿಲು ಹತ್ತಿದರೆ ಎದುರಿಗೊಂದು ಬಿಳಿ ಪರದೆ. ಅಷ್ಟೇ! ಒಳಗಿರುವ ಪವಿತ್ರ ಕನ್ನಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಇನ್ನೊಮ್ಮೆ ಬಾಗಬೇಕು. ಅಲಂಕಾರ, ಮಂಗಳಾರತಿ ನೋಡಿ ಬೆಳೆದ ಕಣ್ಣಿಗೆ ಇದು ಸಾಲದು. ಆದರೂ ಪರದೆಯಾಚೆ ಯಾರೂ ಇಲ್ಲ ಅನ್ನಿಸಲಿಲ್ಲ. ಬೆಳಗ್ಗೆ ತಾನೇ ಬಡಿಸಿದ್ದಾರೆ, ಸಂಜೆಗೂ ಬಡಿಸುತ್ತಾರೆ. ಇಲ್ಲದವರಿಗೆ ಯಾರು ಇಷ್ಟು ಶ್ರದ್ಧೆಯಿಂದ ಅಡುಗೆ ಮಾಡುತ್ತಾರೆ?

ದೇವಿಯ ಮನೆಯ ವಿಷಯದಲ್ಲೂ ಹಾಗೇ. 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹಿನೋಕಿ ಮರದಿಂದ ಹೊಸ ಗುಡಿ ಕಟ್ಟಿ, ರಾತ್ರಿಯ ಹೊತ್ತು ದೇವಿಯನ್ನು ಕರೆದೊಯ್ಯುತ್ತಾರೆ. ಇದು ಶುರುವಾದದ್ದು 690ರಲ್ಲಿ. 2013ರದ್ದು 62ನೆಯದು, ಮುಂದಿನದು 2033ಕ್ಕೆ. ನಡುವೆ ಯುದ್ಧಗಳ ಕಾಲದಲ್ಲಿ 120 ವರ್ಷಕ್ಕೂ ಜಾಸ್ತಿ ನಿಂತುಹೋಗಿತ್ತು. ಮತ್ತೆ ಹಿಡಿದರಲ್ಲ, ಅದು ದೊಡ್ಡದು. ಹಳೆಯ ಮರವನ್ನೂ ಬಿಸಾಡುವುದಿಲ್ಲ. ಉಜಿ ಸೇತುವೆಯ ಎರಡೂ ತುದಿಯ ‘ತೋರಿ’ ಎಂಬ ಹೆಬ್ಬಾಗಿಲುಗಳು ಹಳೇ ಗುಡಿಗಳ ಕಂಬಗಳೇ.

ಮುಖ್ಯ ಗುಡಿಯ ಮುಂದೆ ಸುಮ್ನೆ ಧನ್ಯವಾದ ಹೇಳುವುದು ರೂಢಿ. ಕೆಲಸ, ಮದುವೆ, ಮಕ್ಕಳ ಪರೀಕ್ಷೆ ಅಂತ ಕೇಳಿಕೊಳ್ಳುವವರು ಹತ್ತಿರದ ಅರಮತ್ಸುರಿನೊಮಿಯಾ ಗುಡಿಗೆ ಹೋಗುತ್ತಾರೆ. ನಾನೂ ಹೋದೆ.