ಕುಕ್ಕರ್ ಕೂಗುವಷ್ಟರಲ್ಲಿ ಒಂದಾಟ: ಯಾವ ಹ್ಯಾಂಡ್‌ಹೆಲ್ಡ್ ತಗೊಳ್ಳಲಿ?

"ಮನೆಯಲ್ಲೇ ಸ್ವಲ್ಪ ಹೊತ್ತು ಗೇಮ್ ಆಡೋಕೆ ಯಾವ ಹ್ಯಾಂಡ್‌ಹೆಲ್ಡ್ ಒಳ್ಳೇದು?" ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಹೋದರೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಹ್ಯಾಂಡ್‌ಹೆಲ್ಡ್ ಅಂದ್ರೆ ಕೈಯಲ್ಲೇ ಹಿಡಿದು ಆಡುವ, ಪರದೆ ಇರುವ ಗೇಮ್ ಸಾಧನ. ಸ್ವಲ್ಪ ಹೊತ್ತು ಅಂದ್ರೆ ಎಷ್ಟು ಅಂತ ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರು ಹೇಳುವುದು ಇಪ್ಪತ್ತು ನಿಮಿಷ. ಮಗು ಮಲಗಿದ ಮೇಲೆ, ಇಲ್ಲವೇ ಮೂರನೇ ವಿಷಲ್‌ಗೆ ಕಾಯುವಾಗ.

ಹಾಗಿದ್ದರೆ ಪ್ರೊಸೆಸರ್, ಗ್ರಾಫಿಕ್ಸ್ ಎಲ್ಲ ಆಮೇಲೆ. ಬಟನ್ ಒತ್ತಿದ ಕೂಡಲೇ ಆಟ ಬಿಟ್ಟ ಜಾಗದಿಂದಲೇ ಶುರುವಾಗುತ್ತದಾ, ಮೊದಲು ಅದನ್ನು ನೋಡಿ. ನಿಂಟೆಂಡೊ ಸ್ವಿಚ್‌ನಲ್ಲಿ ಒಮ್ಮೆ ಒತ್ತಿದರೆ ನಿದ್ದೆ, ಎದ್ದರೆ ಶತ್ರು ಎತ್ತಿದ ಕತ್ತಿ ಇನ್ನೂ ಎತ್ತಿದ ಹಾಗೇ ಇರುತ್ತದೆ. ಆಟ ಉಳಿಸಿಡುವ ಸೇವ್ ಪಾಯಿಂಟ್ ಹುಡುಕುತ್ತಾ "ಒಂದೇ ನಿಮಿಷ ಬಂದೆ" ಅಂತ ಸುಳ್ಳು ಹೇಳಬೇಕಿಲ್ಲ. ವಾಲ್ವ್ ಕಂಪನಿಯ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್ ಕೂಡ ಹೀಗೇ. ಬೇರೊಂದು ಹ್ಯಾಂಡ್‌ಹೆಲ್ಡನ್ನು ಗೆಳೆಯನಿಂದ ಒಂದು ವಾರಕ್ಕೆ ತಂದಿದ್ದೆ. ತುಂಬಾ ಪವರ್‌ಫುಲ್. ಆದರೆ ಅಪ್‌ಡೇಟ್, ಲಾಗಿನ್, ಮತ್ತೆ ಅಪ್‌ಡೇಟ್. ಅಷ್ಟರಲ್ಲಿ ಅನ್ನ ಆಗಿತ್ತು.

ಎರಡನೆಯದು ತೂಕ. ಇದನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸ್ವಿಚ್‌ನ ಚಿಕ್ಕ ಮಾದರಿ ಸ್ವಿಚ್ ಲೈಟ್ 275 ಗ್ರಾಂ. ಸ್ಟೀಮ್ ಡೆಕ್‌ನ ಓಲೆಡ್ ಮಾದರಿ ಸುಮಾರು 640 ಗ್ರಾಂ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ಗಿಂತ ಜಾಸ್ತಿ. ಮನೆಯಲ್ಲಿ ನಾವು ಕುರ್ಚಿಯಲ್ಲಿ ನೆಟ್ಟಗೆ ಕೂತು ಆಡುವುದಿಲ್ಲ, ಅಲ್ವಾ? ಮಲಗಿಕೊಂಡು ಆಡುತ್ತೇವೆ. ತೂಕಡಿಕೆ ಬಂದು ಅದು ಮೂಗಿನ ಮೇಲೆ ಬಿದ್ದಾಗ ಗ್ರಾಂ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ನನಗೆ ಎರಡು ಸಲ ಅರ್ಥವಾಗಿದೆ.

ಬ್ಯಾಟರಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಮನೆಯಲ್ಲಿ ಚಾರ್ಜರ್ ಇದೆಯಲ್ಲ, ಬಿಡಿ.

ಯಾವ ಆಟ ಆಡುತ್ತೀರಿ ಅನ್ನುವುದು ಯಾವ ಸಾಧನ ಅನ್ನುವುದಕ್ಕಿಂತ ದೊಡ್ಡ ಮಾತು. 1989ರಲ್ಲಿ ಬಂದ ನಿಂಟೆಂಡೊದ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್‌ಗೆ ಬಣ್ಣವೇ ಇರಲಿಲ್ಲ. ಪರದೆಯ ಹಿಂದೆ ಬೆಳಕೂ ಇರಲಿಲ್ಲ. ಮರುವರ್ಷ ಬಂದ ಸೆಗಾದ ಗೇಮ್ ಗಿಯರ್‌ಗೆ ಎರಡೂ ಇದ್ದವು. ಆದರೂ ಮಾರಾಟದಲ್ಲಿ ಗೆದ್ದದ್ದು ಗೇಮ್ ಬಾಯ್. ಬೆಲೆ ಕಮ್ಮಿ, ಸೆಲ್ ಬೇಗ ಮುಗಿಯುತ್ತಿರಲಿಲ್ಲ, ನಿಜ. ಜೊತೆಗೆ ಅಮೆರಿಕದಲ್ಲಿ ಅದರ ಡಬ್ಬಿಯೊಳಗೇ ಟೆಟ್ರಿಸ್ ಬರುತ್ತಿತ್ತು. ಐದು ನಿಮಿಷಕ್ಕೂ ಆಡಬಹುದು, ಗಂಟೆಗಟ್ಟಲೆಯೂ ಆಡಬಹುದು. ಈಗಿನ ವ್ಯಾಂಪೈರ್ ಸರ್ವೈವರ್ಸ್, ಸ್ಲೇ ದ ಸ್ಪೈರ್ ಕೂಡ ತುಂಡು ತುಂಡು ಸಮಯಕ್ಕೆ ಒಗ್ಗುತ್ತವೆ. "ಮೂರು ದಿನ ಆಯ್ತು, ಕಥೆ ಎಲ್ಲಿಗೆ ಬಂದಿತ್ತು?" ಅನ್ನುವ ತಲೆನೋವಿಲ್ಲ.

ನನ್ನ ಉತ್ತರ ಸ್ವಿಚ್ ಲೈಟ್. 2019ರದ್ದು, ಹಳೇದು, ಪರವಾಗಿಲ್ಲ. ಟಿವಿಗೆ ಹಾಕಿ ಮಕ್ಕಳ ಜೊತೆ ಆಡಬೇಕು ಅಂದರೆ ಮಾತ್ರ ಬೇಡ, ಅದು ಟಿವಿಗೆ ಸೇರುವುದಿಲ್ಲ. ಆಗ ಮಾಮೂಲಿ ಸ್ವಿಚ್ ತಗೊಳ್ಳಿ. ಸ್ಟೀಮ್‌ನಲ್ಲಿ (ವಾಲ್ವ್‌ನ ಆನ್‌ಲೈನ್ ಗೇಮ್ ಅಂಗಡಿ) ಆಗಲೇ ರಾಶಿ ಆಟ ಕೊಂಡಿಟ್ಟವರು ಮೂಗಿಗೆ ಧೈರ್ಯ ಹೇಳಿ ಡೆಕ್ ತಗೊಳ್ಳಬಹುದು.

ಒಂದು ಎಚ್ಚರ. ಸ್ವಿಚ್, ಡೆಕ್ ಎರಡನ್ನೂ ಕಂಪನಿಗಳು ಭಾರತದಲ್ಲಿ ನೇರವಾಗಿ ಮಾರುತ್ತಿಲ್ಲ. ನಮ್ಮಲ್ಲಿ ಸಿಗುವುದು ಹೊರಗಿನಿಂದ ತರಿಸಿದ್ದು. ಹಾಗಾಗಿ ವಾರಂಟಿ ಅಂದರೆ ಅಂಗಡಿಯವರ ಮಾತು. ಕೆಟ್ಟರೆ ರಿಪೇರಿ ಯಾರು, ಎಷ್ಟು ತಿಂಗಳವರೆಗೆ ಅಂತ ಕೇಳಿ, ಬಿಲ್ ಮೇಲೇ ಬರೆಸಿಕೊಳ್ಳಿ.