ಎರಡೂ ಕಡೆಯಿಂದ ಹೊಡೆಯದ ಟ್ರೇಸ್

12 ನವೆಂಬರ್ 2024, ಮಂಗಳವಾರ

ಬೆಳಗಿನ ಪಾಠ ಎಂದಿನದೇ. ಮಧ್ಯಾಹ್ನ ಓಟಿಡಿಆರ್ (ಫೈಬರ್ ಕೇಬಲ್‌ಗೆ ಬೆಳಕಿನ ಪಲ್ಸ್ ಹೊಡೆದು, ವಾಪಸ್ ಬಂದದ್ದನ್ನು ಅಳೆಯೋ ಮಷೀನ್) ಪರದೆಯ ಮುಂದೆ ಗದಗದ ಹುಡುಗ ನಿಂತುಬಿಟ್ಟ. "ಸರ, ಈ ಜಾಯಿಂಟ್‌ನ್ಯಾಗ ಲೈಟ್ ಜಾಸ್ತಿ ಆಗೇತಲ್ರೀ. ಹೆಂಗ?"

ಟೇಬಲ್‌ನಲ್ಲಿ ಮೈನಸ್ 0.12 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) ಅಂತಿತ್ತು. ಅಂದರೆ ನಷ್ಟ ಅಲ್ಲ, ಲಾಭ. ಗಾಜಿಗೆ ಗಾಜು ಕರಗಿಸಿ ಅಂಟಿಸಿದ ಕಡೆ ಬೆಳಕು ಹೆಚ್ಚಾಗೋದು ಸಾಧ್ಯವೇ ಇಲ್ಲ. ಹಾಗಾದರೆ ಮಷೀನ್ ಸುಳ್ಳು ಹೇಳ್ತಾ? ಇಲ್ಲ, ನಾವು ಕೇಳಿದ್ದೊಂದು, ಅದು ಅಳೆದದ್ದು ಇನ್ನೊಂದು. ಮುಂದೆ ಎಷ್ಟು ಬೆಳಕು ಹೋಯಿತು ಅನ್ನೋದು ಓಟಿಡಿಆರ್‌ಗೆ ಕಾಣೋದೇ ಇಲ್ಲ. ಚದುರಿ ವಾಪಸ್ ಬಂದ ಚೂರುಪಾರು ಬೆಳಕನ್ನಷ್ಟೇ ಅದು ಎಣಿಸುತ್ತೆ. ಜಿ.652ಡಿ ಅನ್ನೋ ಸಾಮಾನ್ಯ ಬಗೆಯ ಫೈಬರ್‌ನಲ್ಲಿ ಬೆಳಕು ಹರಿಯುವ ವೃತ್ತದ ವ್ಯಾಸ, ಅಂದರೆ ಮೋಡ್ ಫೀಲ್ಡ್, 1310 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ 9.2 ಮೈಕ್ರಾನ್ ಆಸುಪಾಸು, 0.4 ಹೆಚ್ಚು ಕಡಿಮೆ ಇದ್ದರೂ ಕಂಪನಿ ಪಾಸ್ ಮಾಡಿ ಕಳಿಸುತ್ತೆ. ವೃತ್ತ ಚಿಕ್ಕದಿದ್ದಷ್ಟೂ ಚದುರಿದ ಬೆಳಕು ಹೆಚ್ಚು ವಾಪಸ್ ಬರುತ್ತೆ. ಆದ್ದರಿಂದ 9.6ರಿಂದ 9.2ಕ್ಕೆ ದಾಟಿದಾಗ ಟ್ರೇಸ್ (ಪರದೆಯ ಮೇಲಿನ ಗೆರೆ) ಮೇಲಕ್ಕೆ ಜಿಗಿಯುತ್ತೆ, ಹತ್ತಿರಹತ್ತಿರ 0.18 ಡಿಬಿ. ತಿರುಗಾ ಆ ಕಡೆಯಿಂದ ಹೊಡೆದರೆ ಅಷ್ಟೇ ಕೆಳಗೆ ಬೀಳುತ್ತೆ.

ಆ ತುದಿಯಿಂದ ಹೊಡೆಸಿದೆ. ಅದೇ ಜಾಯಿಂಟ್, 0.22 ನಷ್ಟ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 0.05. ಒಳ್ಳೇ ಜಾಯಿಂಟ್ ಅದು! ಆದರೆ ಆ ಕಡೆಯ ಟ್ರೇಸ್ ಒಂದನ್ನೇ ನೋಡಿದವನು 0.1ರ ಮಿತಿ ದಾಟಿದೆ ಅಂತ ಕ್ಲೋಷರ್ (ಜಾಯಿಂಟ್ ಪೆಟ್ಟಿಗೆ) ಬಿಚ್ಚಿಸ್ತಾನೆ. ಜಾಯಿಂಟರ್ ಕತ್ತರಿಸಿ ಮತ್ತೆ ಹಾಕ್ತಾನೆ, ಮತ್ತೆ 0.21. ಇನ್ನೊಮ್ಮೆ, 0.23. ಎಷ್ಟು ಸಲ ಹಾಕಿದರೂ ಅಷ್ಟೇ, ಯಾಕಂದ್ರೆ ತಪ್ಪು ಜಾಯಿಂಟ್‌ನದ್ದಲ್ಲ. ಟ್ರೇಯಲ್ಲಿ ಉಳಿಸಿದ ಫೈಬರ್ ಮುಗಿದ ಮೇಲೆ ನಿಲ್ಲಿಸ್ತಾರೆ.

ಗೇನರ್, ಅಂದರೆ ಹೀಗೆ ಲಾಭ ತೋರಿಸೋ ಜಾಯಿಂಟ್, ಕಂಡರೆ ಹುಡುಗರು ನಗ್ತಾರೆ, ಯಾರೂ ಹೆದರೋಲ್ಲ. ಹೆದರಬೇಕಾದ್ದು ಅದರ ತಮ್ಮನಿಗೆ. ಈ ಕಡೆಯಿಂದ 0.02, ಪರದೆಯಲ್ಲಿ ಹಸಿರು ಟಿಕ್. ಆ ಕಡೆಯಿಂದ 0.30. ಸರಾಸರಿ 0.16. ಕೆಟ್ಟ ಜಾಯಿಂಟ್ ಪಾಸಾಗಿ, ಮಣ್ಣು ಮುಚ್ಚಿಸಿಕೊಂಡು ಕೂತಿರುತ್ತೆ. ಮಳೆಗಾಲದಲ್ಲಿ ಲಿಂಕ್ ಕೆಮ್ಮೋಕೆ ಶುರುವಾದಾಗ ಕಡತದಲ್ಲಿ ಏನು ಹುಡುಕ್ತೀರಿ? ಅಲ್ಲಿ ಟಿಕ್ ಇದೆಯಲ್ಲ.

"ಒಂದು ಕಡೆಯಿಂದ ಹೊಡೆದರೆ ಅರ್ಧ ದಿನ ಉಳಿಯುತ್ತೆ" ಅನ್ನೋ ಗುತ್ತಿಗೆದಾರರ ಲೆಕ್ಕ ನನಗೆ ಗೊತ್ತು. ತುಂಡಾದ ಕೇಬಲ್ ಹುಡುಕೋದಕ್ಕೆ ಒಂದು ಕಡೆ ಸಾಕು. ಹೊಸ ರೂಟ್ ಒಪ್ಪಿಸೋದಕ್ಕೆ ಸಾಲದು.

ಇನ್ನು ಪಲ್ಸ್ ಎಷ್ಟು ಹೊತ್ತಿನದಿರಬೇಕು ಅನ್ನೋದು. ಸಿರಾ–ಚಿತ್ರದುರ್ಗದಷ್ಟು ಉದ್ದ, ಸುಮಾರು 80 ಕಿ.ಮೀ. ಅಂತಿಟ್ಟುಕೊಳ್ಳಿ. 1550 ನ್ಯಾನೋಮೀಟರ್‌ನಲ್ಲಿ ಕಿ.ಮೀ.ಗೆ 0.21ರಂತೆ 16.8 ಡಿಬಿ, ಒಂದು ಡ್ರಮ್‌ಗೆ 4 ಕಿ.ಮೀ. ಕೇಬಲ್ ಆದರೆ 19 ಜಾಯಿಂಟ್‌ಗೆ ಸುಮಾರು 1, ಎರಡು ತುದಿಯ ಕನೆಕ್ಟರ್‌ಗೆ ಇನ್ನೊಂದು. ಹತ್ತೊಂಬತ್ತರ ಹತ್ತಿರ. ಇಷ್ಟು ದೂರ ನೋಡೋಕೆ 10 ಮೈಕ್ರೋಸೆಕೆಂಡ್ ಪಲ್ಸ್ ಬೇಕು, ಮೂರು ನಿಮಿಷ ಸರಾಸರಿಗೆ ಬಿಡಬೇಕು. ಆ ಪಲ್ಸ್ ಟ್ರೇಸ್ ಮೇಲೆ 1 ಕಿ.ಮೀ. ಜಾಗ ತಿನ್ನುತ್ತೆ. ಹಾಗಾಗಿ 150 ಮೀಟರ್ ಲಾಂಚ್ ಫೈಬರ್ (ಮಷೀನ್‌ಗೂ ಲೈನ್‌ಗೂ ನಡುವೆ ಹಾಕೋ ಸುರುಳಿ) ಅಲ್ಲಿ ಇದ್ದೂ ಇಲ್ಲದಂತೆ, 2 ಕಿ.ಮೀ. ಸುರುಳಿ ಇಲ್ಲದಿದ್ದರೆ ಓಡಿಎಫ್‌ನ (ಸ್ಟೇಷನ್‌ನಲ್ಲಿ ಫೈಬರ್‌ಗಳು ಬಂದು ಸೇರೋ ಚೌಕಟ್ಟು) ಮೊದಲ ಕನೆಕ್ಟರ್ ಕಾಣೋದೇ ಇಲ್ಲ. ಆ ತುದಿಯಲ್ಲೂ ಒಂದು ಸುರುಳಿ ಹಾಕಿ, ಕೊನೆಯ ಕನೆಕ್ಟರ್‌ನೂ ಅಳೆಯಬೇಕಲ್ಲ.

ಜೆಸಿಬಿ ಕಿತ್ತ ಕಡೆ 300 ಮೀಟರ್ ತುಂಡು ಹಾಕಿದ್ದರೆ, ಆ ಪಲ್ಸ್‌ಗೆ ಎರಡು ಜಾಯಿಂಟ್ ಒಂದೇ ಮೆಟ್ಟಿಲಾಗಿ ಕಾಣುತ್ತೆ. ತುಂಡು ಬೇರೆ ಕಂಪನಿಯದ್ದಾದರೆ ಒಂದು ಬದಿಯ ಏರು ಇನ್ನೊಂದು ಬದಿಯ ಇಳಿತವನ್ನು ನುಂಗಿಬಿಡುತ್ತೆ. ಒಟ್ಟು ನಷ್ಟ ಸರಿಯಾಗೇ ಬರುತ್ತೆ, ಯಾವ ಜಾಯಿಂಟ್ ಕೆಟ್ಟದ್ದು ಅಂತ ಮಾತ್ರ ಗೊತ್ತಾಗಲ್ಲ. ಹತ್ತಿರದ ತುದಿಯಿಂದ 1 ಮೈಕ್ರೋಸೆಕೆಂಡ್‌ನಲ್ಲಿ ಇನ್ನೊಮ್ಮೆ ಹೊಡೀರಿ, ಎರಡೂ ಬಿಡಿಯಾಗಿ ಕಾಣುತ್ತವೆ. ಜೊತೆಗೆ 1625ರಲ್ಲೂ ನೋಡಿ. 1550ಕ್ಕಿಂತ ಅಲ್ಲಿ ನಷ್ಟ ಗಣನೀಯವಾಗಿ ಹೆಚ್ಚಿದ್ದರೆ ಅದು ಜಾಯಿಂಟ್ ಅಲ್ಲ, ಟ್ರೇಯಲ್ಲಿ ಯಾರೋ ಫೈಬರ್ ಬಿಗಿಯಾಗಿ ಸುತ್ತಿದ್ದಾರೆ.

ಸಂಜೆ ಬೇಜಾರಾಯ್ತು. ಇಷ್ಟೆಲ್ಲ ಕೇಳಿದವನೇ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರೋ ಚಿಕ್ಕ ಫೈಬರ್) ತುದಿಗೆ ಬಾಯಿಂದ ಉಫ್ ಅಂತ ಊದಿ, ಶರ್ಟಿಗೆ ಒರೆಸಿ ಹಾಕೋಕೆ ಹೊರಟಿದ್ದ. ಕಿತ್ತುಕೊಂಡು ಸ್ಕೋಪ್‌ಗೆ (ತುದಿ ನೋಡೋ ಸೂಕ್ಷ್ಮದರ್ಶಕ) ಹಾಕಿ ತೋರಿಸಿದೆ: ನಡುವೆ ಕೋರ್, ಅದರ ಮೇಲೆ ಅಡ್ಡಡ್ಡ ಎಣ್ಣೆಯ ಪಟ್ಟೆ, ಅಂಚಿನಲ್ಲಿ ಎಂಜಲಿನ ಹನಿಗಳು ಒಣಗಿದ ಕಲೆ. ಕ್ಲಿಕ್ ಕ್ಲೀನರ್ ಒಂದು ಸಲ, ಮತ್ತೆ ಸ್ಕೋಪ್. ಹೋಗದಿದ್ದರೆ ಐಸೋಪ್ರೊಪೈಲ್ ತೇವದ ಬಟ್ಟೆ, ತಕ್ಷಣ ಒಣ ಬಟ್ಟೆ, ಮತ್ತೆ ಸ್ಕೋಪ್. ಎದುರಿನ ಅಡಾಪ್ಟರ್ ಒಳಗಿನದಕ್ಕೂ ಅಷ್ಟೇ, ಯಾಕಂದ್ರೆ ಕೊಳೆ ಒಂದರಿಂದ ಇನ್ನೊಂದಕ್ಕೆ ಅಂಟುತ್ತೆ. ಹಸಿರು ಕನೆಕ್ಟರ್‌ಗೆ ನೀಲಿ ತುರುಕೋರು ಬೇರೆ ಇದ್ದಾರೆ. 8 ಡಿಗ್ರಿ ಓರೆ ತುದಿ ಚಪ್ಪಟೆ ತುದಿಗೆ ಎಲ್ಲಿ ಕೂರುತ್ತೆ?

ಸ್ಕೋಪ್ ಹಿಡಿಯೋ ಮೊದಲು ಪವರ್ ಮೀಟರ್ ಇಟ್ಟು ಬೆಳಕಿಲ್ಲ ಅಂತ ನೋಡಿಕೊಳ್ಳಿ. ಕಣ್ಣಿಗೆ ಕಾಣದು ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ರಾಮನ್ ಆಂಪ್ಲಿಫೈಯರ್ (ಜೋರು ಬೆಳಕು ತುಂಬಿ ಸಿಗ್ನಲ್ ಹೆಚ್ಚಿಸೋ ಸಾಧನ) ಇರೋ ರೂಟ್‌ನಲ್ಲಿ ಕೊಳೆ ಕನೆಕ್ಟರ್‌ನಲ್ಲೇ ಸುಟ್ಟು ಕಪ್ಪಾಗುತ್ತೆ. ಇಡಿಎಫ್‌ಎ (ಇನ್ನೊಂದು ಬಗೆಯ ಆಂಪ್ಲಿಫೈಯರ್) ಇದ್ದರೆ ಅದರ ಒಳಗಿನ ಐಸೊಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಬಿಡೋ ಭಾಗ) ದಾಟಿ ಓಟಿಡಿಆರ್‌ಗೆ ಏನೂ ವಾಪಸ್ ಬರಲ್ಲ, ಒಂದು ಆಂಪ್ಲಿಫೈಯರ್‌ನಿಂದ ಇನ್ನೊಂದರವರೆಗಿನ ಒಂದೊಂದೇ ಸ್ಪ್ಯಾನ್ ಬಿಡಿಸಿ ಹೊಡೀಬೇಕು.

ನಾಳೆ ಫಾಲ್ಟ್ ದೂರ ಹೇಳಿಕೊಡಬೇಕು. ಪರದೆ 60.000 ಅಂದಾಕ್ಷಣ ರಸ್ತೆಯಲ್ಲಿ 60 ಕಿ.ಮೀ. ಅಳೆದು ಗುಂಡಿ ತೋಡೋರಿಗೆ. ಮಷೀನ್‌ನಲ್ಲಿ ವಕ್ರೀಭವನ ಸೂಚ್ಯಂಕ 1.4682 ಬದಲು 1.4700 ಇಟ್ಟಿದ್ದರೆ ಅಲ್ಲೇ 70 ಮೀಟರ್‌ಗೂ ಹೆಚ್ಚು ತಪ್ಪು. ಲೂಸ್ ಟ್ಯೂಬ್ (ಕೇಬಲ್‌ನಲ್ಲಿ ಫೈಬರ್ ಸಡಿಲವಾಗಿರೋ ಕೊಳವೆ) ಒಳಗೆ ಫೈಬರ್ ಕೇಬಲ್‌ಗಿಂತ ಶೇ. 1ರಷ್ಟು ಉದ್ದವಿದ್ದರೆ ಇನ್ನೊಂದು 600 ಮೀಟರ್. ಪ್ರತಿ ಚೇಂಬರ್‌ನಲ್ಲಿ ಸುತ್ತಿಟ್ಟ 20 ಮೀಟರ್ ಲೂಪ್ ಬೇರೆ, 14 ಚೇಂಬರ್ ಅಂದರೆ 280. ಅದಕ್ಕೇ ಸ್ಟೇಷನ್‌ನಿಂದ ಅಳೀಬೇಡಿ, ಟ್ರೇಸ್‌ನಲ್ಲಿ ಕಾಣೋ ಹತ್ತಿರದ ಜಾಯಿಂಟ್‌ನಿಂದ ಅಳೀರಿ ಅಂತೀನಿ. ಆದರೆ ಹೈವೇ ಅಗಲ ಮಾಡಿದವರು ರೂಟ್ ಮಾರ್ಕರ್ ಕಲ್ಲುಗಳನ್ನೂ ಕಿತ್ತು ಹಾಕಿದ ಮೇಲೆ ಆ ಜಾಯಿಂಟ್ ಚೇಂಬರ್ ಎಲ್ಲಿದೆ ಅಂತ ಯಾರನ್ನ ಕೇಳೋದು, ಹಳೇ ಲೈನ್‌ಮನ್ ಒಬ್ಬರಿಗೆ ನೆನಪಿರಬಹುದು.